ಊರಿಂದ ಬಂದ ಗೊನೆ, ಮೇಲಿನ ಮನೆ ಆಂಟಿ ಮತ್ತು ಬಾಳೆಕಾಯಿ ಪರಾಠ

ಜುಲೈ ಮೊದಲ ವಾರ ತೀರ್ಥಹಳ್ಳಿಯಿಂದ ಅಮ್ಮ ಬಸ್ಸಿಗೆ ಹಾಕಿ ಒಂದು ಬಾಳೆಗೊನೆ ಕಳಿಸಿದರು. ಎಂಟು ಚಿಪ್ಪು. ಬೆಂಗಳೂರಿನ ಈ ಮನೆಯಲ್ಲಿ ಇರೋದು ಮೂರೇ ಜನ. ಪಲ್ಯ, ಹುಳಿ, ಬಜ್ಜಿ ಎಲ್ಲ ಆದ ಮೇಲೂ ಆರು ಚಿಪ್ಪು ಬಾಲ್ಕನಿಯಲ್ಲಿ ನೇತಾಡುತ್ತಿತ್ತು. ಅದೇ ವಾರ ಮೇಲಿನ ಮನೆ ಆಂಟಿ ಲಿಫ್ಟಿನಲ್ಲಿ ಸಿಕ್ಕರು. ರಾಜಸ್ಥಾನದ ಜೈನರು. ನೆಲದೊಳಗೆ ಬೆಳೆಯೋದು ಏನೂ ಅವರಿಗೆ ಆಗಲ್ಲ, ಹಾಗಾಗಿ ಆಲೂ ಪರಾಠದ ಬದಲು ಬಾಳೆಕಾಯಿದು ಮಾಡ್ತಾರಂತೆ. "ನಮ್ಮನೇಲಿ ಗೊನೆನೇ ಇದೆ, ಮುಂದಿನ ಭಾನುವಾರ ನಾನೇ ಮಾಡಿ ತರ್ತೀನಿ" ಅಂದುಬಿಟ್ಟೆ. ಅಲ್ಲಿಯವರೆಗೆ ನಾನು ಒಂದೂ ಬಾಳೆಕಾಯಿ ಪರಾಠ ಮಾಡಿದವನಲ್ಲ.

ಮೊದಲ ಸಲ, ಸೋಮವಾರ ರಾತ್ರಿ

ಕೈಗೆ, ಚಾಕುವಿಗೆ ಕೊಬ್ಬರಿ ಎಣ್ಣೆ ಸವರಿಕೊಂಡೆ. ಇಲ್ಲದಿದ್ದರೆ ಸೊನೆ ಕರೆ ಹಿಡಿದು ಎರಡು ದಿನ ಬೆರಳು ಕಪ್ಪಗಿರುತ್ತೆ. ಸಿಪ್ಪೆ ಹೆರೆದು, ಹೋಳು ಮಾಡಿ, ಮುಳುಗುವಷ್ಟು ನೀರು ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿದೆ. ಆಲೂಗಡ್ಡೆಗೆ ಹಾಗೇ ಅಲ್ವಾ ಮಾಡೋದು?

ಮುಚ್ಚಳ ತೆಗೆದರೆ ಗೋಡೆಗೆ ಪೋಸ್ಟರ್ ಅಂಟಿಸುವ ಅಂಟು! ಸೌಟು ಎತ್ತಿದರೆ ಪಾತ್ರೆಯೂ ಜೊತೆಗೆ ಬರುತ್ತಿತ್ತು. ಬಾಣಲೆಯಲ್ಲಿ ಹುರಿದು ನೀರಾರಿಸೋಣ ಅಂದರೆ ಇನ್ನಷ್ಟು ಎಳೆ ಎಳೆಯಾಯ್ತು. ಕೊನೆಗೆ ಅದನ್ನೇ ಗೋಧಿಹಿಟ್ಟಿನ ಜೊತೆ ಕಲಸಿ, ಬಾಳೆ ಎಲೆ ಮೇಲೆ ರೊಟ್ಟಿ ತಟ್ಟಿ ತಿಂದೆವು. ರೊಟ್ಟಿ ಚೆನ್ನಾಗಿಯೇ ಇತ್ತು, ಆದರೆ ಪರಾಠ ಅಲ್ಲ.

ಎರಡನೇ ಸಲ, ಮಂಗಳವಾರ

ಈ ಸಲ ಸಿಪ್ಪೆ ಸಮೇತ ತುದಿ ಮಾತ್ರ ಕತ್ತರಿಸಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟೆ. ಇಪ್ಪತ್ತು ನಿಮಿಷಕ್ಕೆ ಸಿಪ್ಪೆ ಕಪ್ಪಾಗಿ ಬಿರುಕು ಬಿಟ್ಟಿತು. ಚಾಕು ಚುಚ್ಚಿದರೆ ಒಳಗೆ ಹೋಗಬೇಕು, ಆದರೆ ಸ್ವಲ್ಪ ತಡೆಯಬೇಕು, ಅದು ಹದ. ನೀರು ಕುಡಿದಿರಲಿಲ್ಲ. ಬಿಸಿಬಿಸಿ ಇರುವಾಗಲೇ ತುರಿದದ್ದು ತಪ್ಪಾಯ್ತು. ತುರಿಮಣೆಯ ತೂತುಗಳೆಲ್ಲ ಮುಚ್ಚಿಕೊಂಡವು. ಅಂತೂ ಹೂರಣ ಅನ್ನೋ ಥರ ಏನೋ ಆಯ್ತು. ತುಂಬಿ ಲಟ್ಟಿಸಿದರೆ ಹಸಿಮೆಣಸಿನ ಚೂರು ಒಂದೊಂದೇ ಹಿಟ್ಟು ಹರಿದುಕೊಂಡು ಹೊರಗೆ ಇಣುಕಿತು. ಮಗಳು "ಅಪ್ಪಾ, ಇದಕ್ಕೆ ಕಿಟಕಿ ಇದೆ" ಅಂದಳು.

ಮೂರನೇ ಸಲ, ಬುಧವಾರ ರಾತ್ರಿ ಬೇಯಿಸಿ ಗುರುವಾರ ಬೆಳಗ್ಗೆ

ಇಲ್ಲಿ ದಾರಿ ಸಿಕ್ಕಿತು. ರಾತ್ರಿ ಬೇಯಿಸಿ, ಸಿಪ್ಪೆ ಸಮೇತ ಫ್ರಿಜ್ಜಿನಲ್ಲಿಟ್ಟು ಮಲಗಿದೆ. ಬೆಳಗ್ಗೆ ಸಿಪ್ಪೆ ತೆಗೆದರೆ ಒಳಗಿನ ಕಾಯಿ ಗಟ್ಟಿ, ಒಣಗಿದಂತೆ. ತುರಿದರೆ ಕಾಯಿತುರಿ ಉದುರಿದ ಹಾಗೆ ಬಿಡಿಬಿಡಿಯಾಗಿ ಬಿತ್ತು. ಬಾಳೆಕಾಯಿಯಲ್ಲಿ ಇರೋದು ಬಹುಪಾಲು ಪಿಷ್ಟ. ಬಿಸಿಯಲ್ಲಿ ಅದು ನೀರು ಹೀರಿ ಅಂಟಾಗುತ್ತೆ, ತಣಿದ ಮೇಲೆ ಮತ್ತೆ ಬಿಗಿಯುತ್ತೆ. ತಂಗಳನ್ನ ಉದುರುದುರಾಗಿ ಚಿತ್ರಾನ್ನಕ್ಕೆ ಒದಗುವುದೂ ಇದೇ ಕಾರಣಕ್ಕೆ.

ಆದರೆ ಹೊಸ ತೊಂದರೆ. ಹೂರಣ ಉದುರು, ಹಿಟ್ಟು ಗಟ್ಟಿ. ಲಟ್ಟಿಸುವಾಗ ಹೂರಣ ನಡುವೆಯೇ ಗುಡ್ಡೆಯಾಗಿ ಕೂತಿತು. ಅಂಚಿನ ಎರಡು ಇಂಚು ಬರೀ ಚಪಾತಿ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನ್ ಬಂತು.

"ನೀನು ಹೋಳಿಗೆ ಮಾಡೋದು ನೋಡಿಲ್ವೇನೋ? ಕಣಕ ಹೂರಣ ಎರಡೂ ಒಂದೇ ಹದ ಇರ್ಬೇಕು. ಒಂದು ಗಟ್ಟಿ ಒಂದು ಮೆತ್ತಗಾದ್ರೆ ಜೊತೆಗೆ ಹೋಗಲ್ಲ."

ಚಿಕ್ಕಂದಿನಿಂದ ಹಬ್ಬಕ್ಕೆ ಹೂರಣದುಂಡೆ ಕಟ್ಟಿಕೊಟ್ಟವನು ನಾನು. ಪರಾಠ ಅಂದ ಕೂಡಲೇ ಉತ್ತರದ ಅಡುಗೆ ಅಂದುಕೊಂಡು ಅದೆಲ್ಲ ಮರೆತೇಬಿಟ್ಟಿದ್ದೆ.

ನಾಲ್ಕನೇ ಸಲ, ಶುಕ್ರವಾರ

ಕಣಕ ಬದಲಾಯಿಸಿದೆ. ಮೊದಲು 250 ಗ್ರಾಂ ಗೋಧಿಹಿಟ್ಟಿಗೆ 140 ಮಿಲಿ ನೀರು ಹಾಕುತ್ತಿದ್ದೆ, ಈಗ 170. ಕೈಗೆ ಸ್ವಲ್ಪ ಅಂಟುವಷ್ಟು ಮೆತ್ತಗೆ. ಮೇಲೆ ಎರಡು ಚಮಚ ಎಣ್ಣೆ ಹಾಕಿ ನಾದಿ ಮುಕ್ಕಾಲು ಗಂಟೆ ಮುಚ್ಚಿಟ್ಟೆ. ತುರಿದ ಬಾಳೆಕಾಯಿಗೆ ಒಂದು ಚಮಚ ತುಪ್ಪ ಹಾಕಿ ಅಂಗೈಯಲ್ಲಿ ಉಜ್ಜಿ ಉಜ್ಜಿ ಮಿದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಹೆಬ್ಬೆರಳಿನಲ್ಲಿ ಒತ್ತಿ ನೋಡಿದೆ. ಗುಳಿ ಒಂದೇ ಥರ ಬೀಳಬೇಕು.

ಬಿತ್ತು! ಕಣಕ 45 ಗ್ರಾಂ, ಹೂರಣ 60 ಗ್ರಾಂ. ಹೂರಣ ಜಾಸ್ತಿ, ಹೌದು, ಹೋಳಿಗೆಯ ಲೆಕ್ಕ. ಉಂಡೆಯನ್ನು ಮೊದಲು ಬೆರಳಲ್ಲೇ ತಟ್ಟಿ ಅಂಗೈಯಗಲ ಮಾಡಿಕೊಂಡು, ಆಮೇಲೆ ಲಟ್ಟಣಿಗೆ. ನಡುವೆ ಒತ್ತದೆ ಅಂಚಿಗೆ ಮಾತ್ರ. ಏಳಿಂಚು ಅಗಲಕ್ಕೆ ಒಂದೂ ತೂತಿಲ್ಲ. ಕಾವಲಿ ಮೇಲೆ ಮಗುಚಿ, ಅಂಚು ಅದುಮಿದರೆ ಒಂದು ಬದಿಯಿಂದ ಗಾಳಿ ಓಡಿ ಪೂರ್ತಿ ಉಬ್ಬಿತು. ಹೆಂಡತಿಯನ್ನು ಕರೆಯುವಷ್ಟರಲ್ಲಿ ಇಳಿದುಹೋಯ್ತು. ಅವಳು ಇವತ್ತಿಗೂ ನಂಬಿಲ್ಲ.

ರುಚಿ ಮಾತ್ರ ಸಪ್ಪೆ. ಬಾಳೆಕಾಯಿ ಉಪ್ಪು ಹುಳಿ ಎಷ್ಟು ಹಾಕಿದರೂ ನುಂಗುತ್ತೆ. ಮೊದಲು ನಿಂಬೆರಸ ಹಿಂಡಿದ್ದೆ, ಹೂರಣ ಮತ್ತೆ ಒದ್ದೆಯಾಯ್ತು. ಮಾವಿನಕಾಯಿ ಪುಡಿ ಹಾಕಿದ ಮೇಲೆ ಸರಿಹೋಯ್ತು. ಜೊತೆಗೆ ಓಮ, ಇಂಗು, ಹುರಿದ ಜೀರಿಗೆ ಪುಡಿ, ತುರಿದ ಹಸಿಶುಂಠಿ, ಜಜ್ಜಿದ ಹಸಿಮೆಣಸು, ಕೊತ್ತಂಬರಿ ಸೊಪ್ಪು. ಉಪ್ಪು ತುಂಬುವ ಹೊತ್ತಿಗೆ ಕೊನೆಯಲ್ಲಿ, ಇಲ್ಲದಿದ್ದರೆ ಸೊಪ್ಪು ನೀರು ಬಿಡುತ್ತೆ.

ಶನಿವಾರ, ಅಡುಗೆ ಇಲ್ಲ, ಬರೀ ಮಾತು

ಭಾನುವಾರಕ್ಕೆ ಎಲ್ಲ ತಯಾರು ಅಂತ ಹೆಮ್ಮೆಯಿಂದ ಆಂಟಿಗೆ ಮಾಡುವ ವಿಧಾನ ಹೇಳಿದೆ. ಅವರು ಬಲು ಮೆತ್ತಗೆ ನಕ್ಕರು.

"ಬೇಟಾ, ಹಸಿಶುಂಠಿ ನೆಲದೊಳಗಿನದು ಅಲ್ವಾ?"

ಹೌದಲ್ಲ! ಒಣಶುಂಠಿ ಆಗುತ್ತಂತೆ, ಹಸಿ ಆಗಲ್ಲ. ಕೊತ್ತಂಬರಿ ಸೊಪ್ಪು? ಚಾತುರ್ಮಾಸ ಶುರುವಾಗಿದೆ, ಮಳೆಗಾಲದಲ್ಲಿ ಸೊಪ್ಪಿನಲ್ಲಿ ಹುಳ ಜಾಸ್ತಿ, ಅದಕ್ಕೆ ಬಿಟ್ಟಿದ್ದಾರೆ. ಅದನ್ನೂ ಒಪ್ಪಿಕೊಂಡೆ. "ರಾತ್ರಿನೇ ಬೇಯಿಸಿ ಫ್ರಿಜ್ಜಲ್ಲಿ ಇಡ್ತೀನಿ, ಅದೇ ಗುಟ್ಟು" ಅಂದಾಗ ಮಾತ್ರ ಅವರಿಗೆ ಹೇಳೋಕೇ ಸಂಕೋಚವಾಯ್ತು. ರಾತ್ರಿ ಕಳೆದ ಅಡುಗೆ ಅವರ ಮನೆಯಲ್ಲಿ ನಡೆಯಲ್ಲ. ಸೂರ್ಯ ಮುಳುಗಿದ ಮೇಲೆ ಊಟವೂ ಇಲ್ಲ.

ನಾಲ್ಕು ದಿನ ಕಷ್ಟಪಟ್ಟು ಕಂಡುಕೊಂಡ ಗುಟ್ಟೇ ತಂಗಳಾಯ್ತು.

ಐದನೇ ಸಲ, ಭಾನುವಾರ

ಬೆಳಗ್ಗೆ ಆರೂವರೆಗೆ ಹಬೆಗಿಟ್ಟೆ. ಏಳಕ್ಕೆ ಇಳಿಸಿ, ಸಿಪ್ಪೆ ತೆಗೆದು ಉದ್ದಕ್ಕೆ ಎರಡು ಸೀಳು ಮಾಡಿ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗಿಟ್ಟೆ. ಅರ್ಧ ಗಂಟೆಯಲ್ಲಿ ಹಬೆ ಆರಿತು, ಆಮೇಲೆ ಫ್ರಿಜ್ಜಿಗೆ. ಹನ್ನೊಂದಕ್ಕೆ ತೆಗೆದು ತುರಿದೆ. ರಾತ್ರಿ ಇಟ್ಟಷ್ಟು ಬಿಗಿಯಾಗಿರಲಿಲ್ಲ, ಆದರೆ ಅಂಟಲೂ ಇಲ್ಲ. ಇನ್ನೂ ಚೆನ್ನಾಗಿತ್ತು ಅನ್ನಬೇಕು, ಏಕೆಂದರೆ ಮಿದಿಯೋ ಕೆಲಸ ಅರ್ಧಕ್ಕರ್ಧ ಉಳಿಯಿತು. ಕಣಕವನ್ನೂ ಬೆಳಗ್ಗೆಯೇ ಕಲಸಿದ್ದೆ. ಒಣಶುಂಠಿ ಪುಡಿ ಕಾಲು ಚಮಚ ಸಾಕು, ಜಾಸ್ತಿಯಾದರೆ ಕಷಾಯದ ವಾಸನೆ ಬರುತ್ತೆ.

ಹನ್ನೆರಡೂವರೆಗೆ ಎಂಟು ಪರಾಠ ಸ್ಟೀಲ್ ಡಬ್ಬಿಯಲ್ಲಿ ಮೇಲೆ ಹೋದವು. ಮೂರು ಗಂಟೆಗೆ ಡಬ್ಬಿ ವಾಪಸ್ ಬಂತು, ತುಂಬ ಮನೆಯಲ್ಲೇ ಮಾಡಿದ ಖಾಕ್ರಾ. ಜೊತೆಗೆ ತೀರ್ಪು: "ಬಹುತ್ ಅಚ್ಛಾ ಬೇಟಾ. ಉಪ್ಪು ಸ್ವಲ್ಪ ಕಮ್ಮಿ."

ಆರನೇ ಸಲ, ಬುಧವಾರ

ಉಪ್ಪು ಸರಿ ಮಾಡೋಣ ಅಂತ ಹೊರಟೆ. ಅಷ್ಟರಲ್ಲಿ ಮೇಲಿನ ಚಿಪ್ಪಿನ ಕಾಯಿಗಳು ದೋರೆಗಾಯಾಗಿದ್ದವು. ಹೊರಗೆ ಹಸಿರೇ, ಕತ್ತರಿಸಿದರೆ ಒಳಗೆ ತೆಳು ಹಳದಿ. ಹೂರಣ ಮೆತ್ತಗೆ, ನಾಲಿಗೆಗೆ ಸಿಹಿ. ಕಾವಲಿ ಮೇಲೆ ಹಾಕಿದ್ದೇ ತಡ, ಸೋರಿದಲ್ಲೆಲ್ಲ ಕರ್ರಗೆ ಹಿಡಿಯಿತು. ಪಿಷ್ಟ ಸಕ್ಕರೆಯಾಗೋಕೆ ಶುರುವಾದ ಮೇಲೆ ಖಾರದ ಪರಾಠಕ್ಕೆ ಆ ಕಾಯಿ ಬರಲ್ಲ. ಮಗಳು ಮಾತ್ರ ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಅಂದಳು, ಬೆಣ್ಣೆ ಹಚ್ಚಿಕೊಂಡು ಎರಡು ತಿಂದಳು.

ಉಳಿದ ಎರಡು ಚಿಪ್ಪು ಶುಕ್ರವಾರದ ಹೊತ್ತಿಗೆ ಪೂರ್ತಿ ಹಣ್ಣು. ಮೊಸರು, ಸಕ್ಕರೆ, ಜೀರಿಗೆ ಹಾಕಿ ಮಂಗಳೂರು ಬನ್ಸಿಗೆ ಹಿಟ್ಟು ಕಲಸಿಟ್ಟಿದ್ದೇನೆ. ರಾತ್ರಿಯಿಡೀ ನೆನೆಯಬೇಕು. ಆಂಟಿಗೆ ಕೊಡೋ ಹಾಗಿಲ್ಲ.