ಪಟ್ಟಿಯಲ್ಲಿ ಹೆಸರಿಲ್ಲದ ಫೋನು

ನಮ್ಮ ಮನೆಯ ಇಂಟರ್ನೆಟ್ಟನ್ನು ಯಾರು ಬಳಸಬಹುದು, ಯಾರು ಬಳಸಬಾರದು ಎಂಬುದನ್ನು ಕಳೆದ ಭಾನುವಾರ ನನ್ನ ಮೈದುನ ಒಬ್ಬನೇ ಕುಳಿತು ತೀರ್ಮಾನಿಸಿದ. ಅವನು ಬುದ್ಧಿವಂತ, ಕೆಲಸದಲ್ಲಿ ಅಚ್ಚುಕಟ್ಟು. ಆದರೆ ಕಚೇರಿಯ ಕಂಪ್ಯೂಟರುಗಳನ್ನು ಸರಿಪಡಿಸಿದ ಹಾಗೆಯೇ ಮನೆಯ ಜನರನ್ನೂ ಸರಿಪಡಿಸಬಹುದೆಂದು ನಂಬಿರುವವನು. ಹನುಮಂತನಗರದ ನಮ್ಮ ಹಳೆಯ ಮನೆಯ ಕೆಳಭಾಗದಲ್ಲಿ ಅತ್ತೆಯವರೂ ಅವನ ಸಂಸಾರವೂ ಇದ್ದಾರೆ, ಮೊದಲ ಮಹಡಿಯಲ್ಲಿ ನಾವಿದ್ದೇವೆ, ಮಾಳಿಗೆಯ ಕೋಣೆಯಲ್ಲಿ ಹಾಸನದ ಕಡೆಯಿಂದ ಓದಲು ಬಂದ ಹುಡುಗನೊಬ್ಬ ಬಾಡಿಗೆಗಿದ್ದಾನೆ. ಎಲ್ಲರಿಗೂ ಸೇರಿ 100 ಎಂಬಿಪಿಎಸ್ ವೇಗದ ಒಂದೇ ಫೈಬರ್ ಸಂಪರ್ಕ. ಅದು ನನ್ನ ಯಜಮಾನರ ಹೆಸರಿನಲ್ಲಿದೆ, ಬಿಲ್ಲನ್ನು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಳ್ಳುತ್ತಾರೆ.

ಮೈದುನನ ವಿಡಿಯೋ ಮೀಟಿಂಗುಗಳು ನಡುನಡುವೆ ನಿಂತುಹೋಗುತ್ತಿದ್ದವು. ಬೇಡದವರು ಯಾರೋ ಸೇರಿಕೊಂಡಿದ್ದಾರೆ ಎಂಬ ಅನುಮಾನದಿಂದ ಅವನು 192.168.1.1 ಎಂದು ಟೈಪು ಮಾಡಿ, ರೌಟರಿನ ಒಳಪುಟ ತೆರೆದು, ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿಯನ್ನು ಊಟದ ಮೇಜಿನ ಮೇಲೆ ಹಾಜರಿ ಕರೆಯುವಂತೆ ಓದತೊಡಗಿದ. ಕೆಲವಕ್ಕೆ ಹೆಸರಿತ್ತು, ಕೆಲವಕ್ಕೆ ಸಾಧನದ ಗುರುತಾದ, ಅಂಕಿ ಅಕ್ಷರಗಳು ಬೆರೆತ ಹನ್ನೆರಡು ಚಿಹ್ನೆಗಳ ಮ್ಯಾಕ್ ವಿಳಾಸ ಮಾತ್ರ ಇತ್ತು. ಆ ವಿಳಾಸದ ಮೊದಲರ್ಧವನ್ನು ನೋಡಿ ಫೋನು ಯಾವ ಕಂಪನಿಯದೆಂದು ಹೇಳಬಹುದು ಎಂಬುದು ಅವನ ಲೆಕ್ಕ. ಹಿಂದೆ ಅದು ನಿಜವೇ ಆಗಿತ್ತು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ಬಂದಮೇಲೆ ಹೆಚ್ಚಿನ ಫೋನುಗಳು ತಮ್ಮ ನಿಜವಾದ ವಿಳಾಸವನ್ನು ಕೊಡದೆ ಒಂದೊಂದು ವೈಫೈಗೂ ಒಂದೊಂದು ಕಲ್ಪಿತ ವಿಳಾಸವನ್ನು ಕೊಡುತ್ತವೆ. ಹೋದಲ್ಲೆಲ್ಲ ತಮ್ಮನ್ನು ಯಾರೂ ಗುರುತುಹಿಡಿದು ಹಿಂಬಾಲಿಸಬಾರದೆಂದು ಹೀಗೆ ಮಾಡಿದ್ದಾರೆ. ವಿಳಾಸದ ಎರಡನೆಯ ಚಿಹ್ನೆ 2, 6, ಎ ಅಥವಾ ಇ ಆಗಿದ್ದರೆ ಅದು ಇಂಥ ಕಲ್ಪಿತ ವಿಳಾಸವೆಂದು ತಿಳಿಯಬಹುದು. ಇದನ್ನು ನಾನು ಈ ವಾರ ಓದಿ ತಿಳಿದುಕೊಂಡೆ. ಆ ಕ್ಷೇತ್ರದಲ್ಲೇ ಕೆಲಸ ಮಾಡುವ ಮೈದುನ ಅಂದು ಅದನ್ನು ಗಮನಿಸಲಿಲ್ಲ. ಮನೆಯವರದೆಂದು ಗುರುತು ಸಿಕ್ಕಿದ ಸಾಧನಗಳನ್ನಷ್ಟೇ ಒಪ್ಪಿಗೆಯ ಪಟ್ಟಿಗೆ ಸೇರಿಸಿ, ಉಳಿದವಕ್ಕೆಲ್ಲ ಬಾಗಿಲು ಮುಚ್ಚಿ, ನಿಶ್ಚಿಂತೆಯಿಂದ ಮಲಗಲು ಹೋದ.

ಮರುದಿನ ಬೆಳಿಗ್ಗೆ ಮಾಳಿಗೆಯ ಹುಡುಗ ಮೆಟ್ಟಿಲಿಳಿದು ಬಂದು, "ಆಂಟಿ, ನೆಟ್ ರೀಚಾರ್ಜ್ ಮುಗಿದುಹೋಗಿದೆಯಾ?" ಎಂದು ಬಹಳ ಸಂಕೋಚದಿಂದ ಕೇಳಿದ. ಬಾಡಿಗೆ ಮಾತಾಡುವಾಗ ವೈಫೈ ಸೇರಿಯೇ ಇಷ್ಟು ಎಂದು ನಾವೇ ಹೇಳಿದ್ದೆವು. ಅವನಿಗೆ ಏನು ಉತ್ತರ ಕೊಡಬೇಕೆಂದು ತೋಚದೆ, ವಿಚಾರಿಸುತ್ತೇನೆ ಎಂದಷ್ಟೇ ಹೇಳಿ ಕಳುಹಿಸಿದೆ. ಅತ್ತೆಯವರು ಮಾತ್ರ ಯಾರನ್ನೂ ಏನನ್ನೂ ಕೇಳಲಿಲ್ಲ. ಪ್ರತಿ ಸಂಜೆ ತೀರ್ಥಹಳ್ಳಿಯಲ್ಲಿರುವ ತಂಗಿಯೊಂದಿಗೆ ವಿಡಿಯೋದಲ್ಲಿ ಮಾತಾಡುವುದು ಅವರ ರೂಢಿ. ಆ ಹೊತ್ತಿಗೆ ಫೋನನ್ನು ಸೆರಗಿನಿಂದ ಒರೆಸುವುದು, ಕನ್ನಡಕ ಏರಿಸಿ ನೋಡುವುದು, ಮತ್ತೆ ಕೆಳಗಿಡುವುದು, ಇದನ್ನು ನಾನು ಕಂಡಿದ್ದೆನಾದರೂ ತಂಗಿ ಊರಲ್ಲಿಲ್ಲವೇನೋ ಎಂದುಕೊಂಡಿದ್ದೆ. ಕೊನೆಗೊಂದು ರಾತ್ರಿ ಊಟಕ್ಕೆ ಕುಳಿತಾಗ, ಮಗನ ತಟ್ಟೆಗೆ ಹುಳಿ ಬಡಿಸುತ್ತಾ ಅವರೆಂದರು: "ನನ್ನದು ಜಾಸ್ತಿ ಆಗ್ತಿತ್ತೇನೋ? ಹಾಗಿದ್ರೆ ಒಂದು ಮಾತು ಹೇಳಬಹುದಿತ್ತಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ನನ್ನನ್ನು ಕಾಡುತ್ತಿರುವುದೂ ಅದೇ. ಫೋನು ಕೆಟ್ಟಿದೆಯೆಂದೋ ಸಂಪರ್ಕ ಹೋಗಿದೆಯೆಂದೋ ಅವರಿಗೆ ಅನ್ನಿಸಲಿಲ್ಲ. ಮಗ ತನ್ನನ್ನು ಬೇಕೆಂದೇ ತೆಗೆದಿದ್ದಾನೆ, ಅದಕ್ಕೊಂದು ಕಾರಣವೂ ಇದ್ದೀತು, ಆ ಕಾರಣ ತನ್ನದೇ ಅತಿಬಳಕೆ ಎಂದು ಅವರು ಆಗಲೇ ಒಪ್ಪಿಕೊಂಡುಬಿಟ್ಟಿದ್ದರು. ನನ್ನದು ಜಾಸ್ತಿ ಆಗ್ತಿತ್ತೇನೋ! ಐವತ್ತು ವರ್ಷ ಈ ಮನೆಯನ್ನು ನಡೆಸಿದವರು, ಬಿಲ್ಲು ಕಟ್ಟುವವರ ಪೈಕಿ ತಾನಿಲ್ಲ ಎಂಬ ಒಂದೇ ಕಾರಣಕ್ಕೆ ತಮ್ಮನ್ನು ಬಂದ ನೆಂಟರ ಸಾಲಿನಲ್ಲಿ ನಿಲ್ಲಿಸಿಕೊಂಡರು. ನಮ್ಮ ಮನೆಗಳಲ್ಲಿ ಸ್ವಂತ ಸಂಬಳವಿಲ್ಲದೆ ಬಾಳಿದ ಹೆಂಗಸರಿಗೆ ಕರೆಂಟು, ಫೋನು, ಗ್ಯಾಸು ಎಲ್ಲವೂ ಯಾರೋ ಕೊಟ್ಟಿದ್ದು ಎಂಬ ಭಾವನೆ ಇದ್ದೇ ಇರುತ್ತದೆ. ಗಂಡಸರು ಅದನ್ನು ಬೇಕೆಂದೇ ಹುಟ್ಟಿಸುತ್ತಾರೆಂದು ನಾನು ಹೇಳುವುದಿಲ್ಲ; ಅದಿದೆ ಎಂಬುದೇ ಅವರಿಗೆ ಗೊತ್ತಿಲ್ಲ, ಅಷ್ಟೆ.

ಇಂಟರ್ನೆಟ್ಟೆಂದರೆ ಸಂಪಿನ ನೀರಿನ ಹಾಗೆ ಎಂಬುದು ಅತ್ತೆಯವರ ತಿಳಿವಳಿಕೆ: ಒಬ್ಬರು ಹೆಚ್ಚು ಬಳಸಿದರೆ ಇನ್ನೊಬ್ಬರಿಗೆ ಕಡಿಮೆ. ಕಾವೇರಿ ನೀರು ಬರುವ ದಿನ ಯಾವ ಟ್ಯಾಂಕಿಗೆ ಎಷ್ಟು ಹೋಗಬೇಕೆಂದು ವಾಲ್ವ್ ತಿರುಗಿಸುವ ಅಧಿಕಾರ ಬಹುಕಾಲ ಅವರ ಕೈಯಲ್ಲಿತ್ತು. ವೈಫೈ ಮಟ್ಟಿಗೆ ಆ ಹೋಲಿಕೆ ಅರ್ಧ ಮಾತ್ರ ಸರಿ, ಏಕೆಂದರೆ ರಾತ್ರಿಯೆಲ್ಲ ಯಾರೂ ಬಳಸದಿದ್ದರೆ ಆ ವೇಗವೇನೂ ಬೆಳಿಗ್ಗೆಗೆ ಉಳಿದಿರುವುದಿಲ್ಲ, ಮತ್ತು ಒಳ್ಳೆಯ ಗುಣಮಟ್ಟದ ಸಿನಿಮಾ ಒಂದಕ್ಕೆ ಸುಮಾರು 5 ಎಂಬಿಪಿಎಸ್, ತಂಗಿಯೊಂದಿಗಿನ ಮಾತಿಗೆ ಅದಕ್ಕಿಂತಲೂ ಕಡಿಮೆ ಸಾಕು. ಆದರೆ ಇನ್ನೊಂದು ಸಂಗತಿ ನನಗೆ ನೆನಪಾಯಿತು. ವಾಲ್ವ್ ಮುಚ್ಚುವ ಮೊದಲು ಅತ್ತೆಯವರು ಮೆಟ್ಟಿಲ ಬಳಿ ನಿಂತು, "ನೀರು ನಿಲ್ಲಿಸ್ತೀನಿ, ಬಕೆಟ್ ತುಂಬಿಸ್ಕೊಳ್ಳಿ" ಎಂದು ಮಾಳಿಗೆಯವರೆಗೂ ಕೇಳುವಂತೆ ಕೂಗುತ್ತಿದ್ದರು. ಒಂದು ಮಾತು ಹೇಳಬಹುದಿತ್ತಲ್ಲ ಎಂದು ಮಗನಿಗೆ ಹೇಳುವ ಹಕ್ಕು ಅವರಿಗೆ ಅಲ್ಲಿಂದಲೇ ಬಂದಿತ್ತು.

ಮೈದುನನ ಪಕ್ಷವನ್ನೂ ಹೇಳಬೇಕು. 2008ರ ಜುಲೈನಲ್ಲಿ ಅಹಮದಾಬಾದಿನ ಬಾಂಬ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಬಂದ ಬೆದರಿಕೆಯ ಇಮೇಲಿನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯಲ್ಲಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಅವರ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು, ವಿಚಾರಣೆ ಎದುರಿಸಬೇಕಾಗಿ ಬಂದದ್ದು ಅವರಿಗೆ. "ನಾಳೆ ಏನಾದರೂ ಆದರೆ ಪೊಲೀಸರು ಬರೋದು ಅಣ್ಣನ ಹೆಸರು ಹಿಡಿದುಕೊಂಡು, ಅತ್ತಿಗೆ" ಎಂದು ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಗುಪ್ತಪದ ಗಟ್ಟಿಯಾಗಿರಬೇಕು, ಕಂಡಕಂಡವರಿಗೆ ಅದನ್ನು ಕೊಡಬಾರದು, ಇದನ್ನೂ ಒಪ್ಪುತ್ತೇನೆ. ಆದರೆ ಹೊರಗಿನವರನ್ನು ತಡೆಯುವ ಕೆಲಸವನ್ನು ಮ್ಯಾಕ್ ವಿಳಾಸದ ಪಟ್ಟಿ ಮಾಡಲಾರದು. ಬಲ್ಲವರು ಒಪ್ಪಿಗೆಯಿರುವ ಸಾಧನವೊಂದರ ವಿಳಾಸವನ್ನು ಗಾಳಿಯಲ್ಲೇ ಓದಿ ನಕಲು ಮಾಡಬಹುದು. ತಡೆ ತಾಗುವುದು ಏನೂ ಅರಿಯದ ಅಜ್ಜಿಗೆ. ಬಾಡಿಗೆಯವರಿಗೂ ನೆಂಟರಿಗೂ ಅತಿಥಿ ವೈಫೈ ಎಂದು ಪ್ರತ್ಯೇಕ ಹೆಸರು, ಪ್ರತ್ಯೇಕ ಗುಪ್ತಪದ ಮಾಡಿಕೊಡುವ ಅನುಕೂಲ ಆ ರೌಟರಿನಲ್ಲೇ ಇತ್ತು.

ಮೀಟಿಂಗು ನಿಲ್ಲುತ್ತಿದ್ದುದಕ್ಕೆ ಕಾರಣ ಬೇರೆಯೇ ಇತ್ತು. ಅವನು ಕುಳಿತುಕೊಳ್ಳುವ ಹಿಂದಿನ ಕೋಣೆಗೂ ರೌಟರಿಗೂ ನಡುವೆ ಹಳೆಯ ಕಾಲದ ದಪ್ಪ ಗೋಡೆಗಳಿವೆ. ಅವನ್ನು ದಾಟಲಾರದೆ ವೈಫೈಯ ವೇಗದ 5 ಗಿಗಾಹರ್ಟ್ಸ್ ಅಲೆ ಸೊರಗಿದಾಗ ಲ್ಯಾಪ್‌ಟಾಪು ನಿಧಾನದ 2.4 ಗಿಗಾಹರ್ಟ್ಸ್ ಅಲೆಗೆ ಜಾರುತ್ತಿತ್ತು. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು, ಅಂದರೆ ಅಲೆ ಸಾಗುವ ದಾರಿಗಳು, 1, 6, 11 ಎಂದು ಮೂರೇ. ಗೋಡೆಗೆ ಗೋಡೆ ತಾಗಿದ ನಮ್ಮ ಬೀದಿಯ ಮನೆಗಳೆಲ್ಲ ಆ ಮೂರರಲ್ಲೇ ಕಿಕ್ಕಿರಿದಿವೆ. ಲೈನಿನ ಹುಡುಗನನ್ನು ಕರೆಸಿ ಕೋಣೆಯವರೆಗೆ ಒಂದು ಕೇಬಲ್ ಎಳೆಸಿದ ಮೇಲೆ ಮೀಟಿಂಗು ನಿಂತಿಲ್ಲ.

ಇಷ್ಟಾದರೂ ಆ ಪಟ್ಟಿಯ ವಿಷಯ ನನ್ನ ಮನಸ್ಸಿನಿಂದ ಹೋಗಿಲ್ಲ. ಅದನ್ನು ಓದುವಾಗ ಮೈದುನ, "ಮೇಲಿನವನು ರಾತ್ರಿ ಎರಡೂವರೆಗೂ ಕನೆಕ್ಟ್ ಆಗಿಯೇ ಇರ್ತಾನೆ" ಎಂದು ನಕ್ಕಿದ್ದ. ಪಕ್ಕದಲ್ಲಿಟ್ಟು ನಿದ್ದೆ ಹೋದರೂ ಫೋನು ಸಂಪರ್ಕದಲ್ಲೇ ಇರುತ್ತದೆ. ಅದೂ ಒತ್ತಟ್ಟಿಗಿರಲಿ, ಬಾಡಿಗೆ ಕೊಟ್ಟು ಇರುವ ಒಬ್ಬ ಹುಡುಗನ ರಾತ್ರಿಗಳು ನಮ್ಮ ಊಟದ ಮೇಜಿನ ಮಾತಾಗಬೇಕೇಕೆ? ಹಾಸ್ಟೆಲಿನ ವಿದ್ಯಾರ್ಥಿನಿಯರಿಗೆ ಸಂಜೆ ಆರರಿಂದ ಹತ್ತರವರೆಗೆ ಮೊಬೈಲು ಬಳಸಬಾರದೆಂದು ಕೇರಳದ ಒಂದು ಕಾಲೇಜು ವಿಧಿಸಿದ್ದ ನಿಯಮದ ಪ್ರಕರಣದಲ್ಲಿ ಅಲ್ಲಿಯ ಹೈಕೋರ್ಟು 2019ರಲ್ಲಿ, ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿತು. ಮನೆಯ ರೌಟರಿನ ಮೇಲೆ ಆ ತೀರ್ಪಿನ ಅಂಕೆಯಿಲ್ಲ, ನಿಜ. ಕೋರ್ಟಿನ ಅಂಕೆಯಿಲ್ಲದ ಜಾಗದಲ್ಲಿ ಅಧಿಕಾರ ಹಿಡಿದವನಿಗೆ ತನ್ನದೇ ಅಂಕೆ ಬೇಕಾಗುತ್ತದೆ.

ಈಗ ಅತ್ತೆಯವರ ಫೋನು ಮರಳಿ ಸೇರಿದೆ, ಹುಡುಗನಿಗೆ ಅತಿಥಿ ವೈಫೈಯ ಗುಪ್ತಪದವನ್ನು ಚೀಟಿಯಲ್ಲಿ ಬರೆದುಕೊಟ್ಟಾಗಿದೆ. ಒಳಪುಟದ ಗುಪ್ತಪದ ನನಗೂ ಬೇಕೆಂದು ಕೇಳಿದಾಗ ಮೈದುನ, "ನಿಮಗ್ಯಾಕೆ ಅತ್ತಿಗೆ ಆ ತಲೆನೋವು, ಏನಿದ್ದರೂ ನನಗೆ ಹೇಳಿ" ಎಂದ. ರೌಟರಿನ ಡಬ್ಬಿಯನ್ನು ತಿರುಗಿಸಿ ತಳದ ಚೀಟಿಯನ್ನು ಓದಿದರೆ, ಕಾರ್ಖಾನೆಯಿಂದ ಬಂದ ಗುಪ್ತಪದವೇ ಇನ್ನೂ ನಡೆಯುತ್ತಿತ್ತು! ಅದನ್ನು ತೋರಿಸಿದ ಮೇಲೆ ಹೊಸದನ್ನು ಇಡಲು ಒಪ್ಪಿದ್ದಾನೆ. ಅದರ ಒಂದು ಪ್ರತಿ ಮೇಲಿನ ಮನೆಯಲ್ಲೂ ಇರಬೇಕು, ಯಾರನ್ನಾದರೂ ತೆಗೆಯುವುದಿದ್ದರೆ ಮೊದಲು ಅವರಿಗೆ ಹೇಳಬೇಕು ಎಂಬುದು ನನ್ನ ಬೇಡಿಕೆ. ಎರಡನೆಯದಕ್ಕೆ ತಲೆಯಾಡಿಸಿದ, ಮೊದಲನೆಯದರ ಬಗ್ಗೆ ಅಣ್ಣನ ಜೊತೆ ಮಾತಾಡುತ್ತೇನೆ ಎಂದಿದ್ದಾನೆ.