ಬದುವಿನ ವಿಷ್ಣುಕ್ರಾಂತಿ

ಇವತ್ತು ಡಂಬಳದ ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲೆ ವಿಷ್ಣುಕ್ರಾಂತಿ ಹುಡುಕಿದೆ. ಅಂಗಿ ಗುಂಡಿಯಷ್ಟೇ ನೀಲಿ ಹೂವು, ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ ಅಲ್ವಾ, ಅದು. ಸಿಗಲಿಲ್ಲ. ಸೊಂಟದವರೆಗೆ ಹುಲ್ಲು.

"ಎತ್ತು ಮಾರಿದ ಮ್ಯಾಲ ಹುಲ್ಲು ಕೊಯ್ದು ಯಾರಿಗೆ ಹಾಕ್ಲಿಪಾ?" ಅಂದರು ಕಾಕಾ.

ಸುಮ್ನೆ ಹುಲ್ಲು ಸರಿಸಿ ನೋಡಿದೆ. ಕೆಳಗೆ ಹೋದ ವರ್ಷದ ಒಣಹುಲ್ಲು, ಗಾದಿ ಹಾಸಿದ ಹಾಗೆ ದಪ್ಪ. ಬಿಸಿಲು ನೆಲ ಮುಟ್ಟೋದೇ ಇಲ್ಲ. ಸಣ್ಣ ಗಿಡ ಎಲ್ಲಿಂದ ಎದ್ದೀತು?

ದೂರದ ಆಲ್ಪ್ಸ್ ಬೆಟ್ಟದ ಹುಲ್ಲುಗಾವಲಲ್ಲೂ ಇದೇ ಕಥೆ. ಕೊಯ್ಯೋದು ನಿಂತರೆ ಮೊದಲು ಎತ್ತರದ ಹುಲ್ಲು, ಆಮೇಲೆ ಪೊದೆ, ಕೊನೆಗೆ ಮರ. ಬಗೆಬಗೆಯ ಹೂವು ಕಮ್ಮಿಯಾಗುತ್ತವೆ. ನಾನೋ, ಕುಡುಗೋಲೇ ಗಿಡದ ವೈರಿ ಅಂದುಕೊಂಡಿದ್ದೆ!

ಕಾಕಾನ ಕುಡುಗೋಲು ಇಸ್ಕೊಂಡು ಒಂದು ಮಾರು ಕೊಯ್ದೆ. ಅಷ್ಟಕ್ಕೇ ಅಂಗೈಯಲ್ಲಿ ಗುಳ್ಳೆ. ಅಡಿಯಲ್ಲಿ ಒಂದೇ ಒಂದು ತುಂಬೆ ಸಸಿ ಇತ್ತು, ಬಿಳಿಚಿಕೊಂಡು.