ಎಸ್‌ಎಲ್‌ಕೆಗೆ ಮೆತ್ತನೆಯ ಶಾಕಪ್

19 ಅಕ್ಟೋಬರ್ 2024, ಶನಿವಾರ
ಕೋತ್ರೂಡ್, ಪುಣೆ

ರಸ್ತೆಯ ಗುಂಡಿಗಳಲ್ಲಿ ನೀರು ಇಂಗಿದೆ. ಯಾವುದು ಎಷ್ಟು ಆಳ ಅಂತ ಈಗ ಕಣ್ಣಿಗೆ ಕಾಣುತ್ತದೆ. ಕಾರಿನ ಶಾಕಪ್ (ಶಾಕ್ ಅಬ್ಸಾರ್ಬರ್) ವಿಚಾರ ಇನ್ನು ಮುಂದೂಡುವ ಹಾಗಿಲ್ಲ.

ಕಾರು 2007ರ ಮರ್ಸಿಡಿಸ್ ಎಸ್‌ಎಲ್‌ಕೆ 200 ಕಂಪ್ರೆಸರ್. ಎರಡೇ ಸೀಟು. ಲೋಹದ ಚಾವಣಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಕೂರುತ್ತದೆ. ನಾನು ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಇದಕ್ಕೆ ಸ್ಪೋರ್ಟ್ ಸಸ್ಪೆನ್ಷನ್ ಇತ್ತು, ಅಂದರೆ ಗಿಡ್ಡ, ಗಡುಸು ಸ್ಪ್ರಿಂಗ್. ಖಂಬಾಟ್ಕಿ ಘಾಟಿನ ತಿರುವಿನಲ್ಲಿ ಸೊಗಸಾಗಿರುತ್ತದೆ. ಪೌಡ್ ರೋಡಿನಲ್ಲಿ ಸೊಂಟಕ್ಕೆ ಬೀಳುತ್ತದೆ. "ಧಾರವಾಡಕ್ಕ ಹೋಗೋದಿದ್ರ ನಾ ಬಸ್ಸಿನ್ಯಾಗ ಬರ್ತೀನ್ರಿ, ನೀವು ಇದರಾಗ ಬರ್ರಿ" ಅಂತ ಮನೆಯಾಕೆ ಹೇಳಿಯಾಗಿದೆ.

ಇವತ್ತು ಗ್ಯಾರೇಜಿನಲ್ಲಿ ಮುಂದಿನ ಎಡಗಡೆಯ ಸ್ಟ್ರಟ್ (ಶಾಕಪ್ ಇರುವ ಕಂಬ) ಬಿಚ್ಚಿಸಿದೆ. ಮೇಸ್ತ್ರಿ ವಿಜಯಪುರದ ಕಡೆಯವರು. ಗಿರಾಕಿಗಳ ಜೊತೆ ಮರಾಠಿ, ಹುಡುಗರ ಜೊತೆ ಹಿಂದಿ, ನನ್ನ ಜೊತೆ ಕನ್ನಡ. ಮೆತ್ತನೆ ಶಾಕಪ್ ಬೇಕು ಅಂದಿದ್ದಕ್ಕೆ ಅವರು ಏನೂ ಹೇಳದೆ ಶಾಕಪ್ಪಿನ ರಾಡಿನ ಮೇಲಿದ್ದ ಬಂಪ್ ಸ್ಟಾಪನ್ನು, ಅಂದರೆ ಕೊನೆಯ ಗುದ್ದು ತಡೆಯುವ ಮೆತ್ತನೆ ತುಂಡನ್ನು, ಎರಡು ಬೆರಳಲ್ಲಿ ಹಿಚುಕಿದರು. ಹಳೇ ಶಂಕರಪಾಳಿ ಹಾಗೆ ಪುಡಿಪುಡಿಯಾಯಿತು. ರಾಡಿನ ಬುಡದಲ್ಲಿ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿ ಕಪ್ಪು ಉಂಗುರ ಕಟ್ಟಿತ್ತು. ರಾಡನ್ನು ಒತ್ತಿದರೆ ಮೊದಲು ಒಂದಿಷ್ಟು ದೂರ ಸುಮ್ನೆ ಒಳಗೆ ಹೋಗುತ್ತದೆ, ಆಮೇಲೆ ತಡೆ ಸಿಗುತ್ತದೆ. ಕೈ ಬಿಟ್ಟರೆ ಮೇಲೆ ಬರಲ್ಲ. ಒಳಗಿನ ಗ್ಯಾಸ್ ಹೋಗಿದೆ.

"ಇದು ಗಡುಸಾಗಿ ಹೊಡ್ಯಾಕತ್ತಿಲ್ರೀ ಸರ. ಸತ್ತು ಹೊಡ್ಯಾಕತ್ತೈತಿ."

ಮಾತು ನಿಜ. ಶಾಕಪ್ ಸೋತರೆ ಚಕ್ರ ಹಿಡಿತವಿಲ್ಲದೆ ಮೇಲೆ ಬಂದು ಸೀದಾ ಬಂಪ್ ಸ್ಟಾಪಿಗೆ ಹೋಗಿ ಗುದ್ದುತ್ತದೆ. ಅದೂ ಪುಡಿಯಾಗಿದ್ದರೆ ಕಬ್ಬಿಣಕ್ಕೆ ಕಬ್ಬಿಣ. ಒಳಗೆ ಕೂತವರಿಗೆ ಅದು ಗಡುಸು ಅನಿಸುತ್ತದೆ, ಅಷ್ಟೇ. ಬಾನೆಟ್ ಮೇಲೆ ಕೈಯೂರಿ ಕುಣಿಸಿ ನೋಡುವ ಪರೀಕ್ಷೆಯಲ್ಲಿ ಇದು ಗೊತ್ತಾಗೋದೂ ಇಲ್ಲ. ಕೈಯಿಂದ ಕುಣಿಸುವಾಗ ಶಾಕಪ್ಪಿನೊಳಗೆ ಎಣ್ಣೆಯಲ್ಲಿ ಓಡಾಡುವ ಪಿಸ್ಟನ್ ನಿಧಾನವಾಗಿ ಓಡುತ್ತದೆ, ಗುಂಡಿಗೆ ಬಿದ್ದಾಗ ಅದರ ವೇಗವೇ ಬೇರೆ.

ಮೆತ್ತನೆ ಶಾಕಪ್ ಹುಡುಕುವವರು ಈ ವೇಗದ ವಿಚಾರ ಮೊದಲು ತಿಳಿದುಕೊಳ್ಳಬೇಕು ಅಂತ ನನಗನಿಸುತ್ತದೆ. ಇದು ಕಾರಿನ ವೇಗ ಅಲ್ಲ, ಪಿಸ್ಟನ್ನಿನ ವೇಗ. ತಿರುವಿನಲ್ಲಿ ಬಾಗುವಾಗ, ಬ್ರೇಕ್ ಹಾಕಿದಾಗ ಪಿಸ್ಟನ್ ನಿಧಾನ. ಅಲ್ಲಿ ತಡೆ ಚೆನ್ನಾಗಿರಬೇಕು, ಇಲ್ಲದಿದ್ದರೆ ಕಾರು ದೋಣಿಯಾಗುತ್ತದೆ. ಗುಂಡಿ, ರಂಬ್ಲರ್, ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟ್ ಜಾಯಿಂಟು ಬಂದಾಗ ಪಿಸ್ಟನ್ ಧಡಕ್ಕನೆ ಓಡುತ್ತದೆ. ಅಲ್ಲಿ ವಾಲ್ವ್ ತೆರೆದುಕೊಂಡು ಎಣ್ಣೆಗೆ ದಾರಿ ಬಿಡಬೇಕು. ನನಗೆ ಬೇಕಿರುವ ಮೆತ್ತನೆ ಅಂದರೆ ಇದು. ಕೋನಿ ಕಂಪನಿಯ ಸ್ಪೆಷಲ್ ಆಕ್ಟಿವ್ ಶಾಕಪ್ ಈ ಕೆಲಸಕ್ಕೇ ಮಾಡಿದ್ದು. ಸಣ್ಣ ಸಣ್ಣ ಅದುರಾಟ ಬಂದರೆ ಎಣ್ಣೆಗೆ ಇನ್ನೊಂದು ದಾರಿ ಬಿಡುತ್ತದೆ, ದೊಡ್ಡದಾಗಿ ತೂಗಾಡಿದರೆ ಬಿಗಿ ಹಿಡಿಯುತ್ತದೆ. ಬಿಲ್‌ಸ್ಟೈನ್ ಕಂಪನಿಯ ಶಾಕಪ್ಪುಗಳಲ್ಲಿ ಬಿ4 ಅಂದರೆ ಕಾರಿನ ಕಂಪನಿ ಕೊಟ್ಟಷ್ಟೇ ಬಿಗಿ. ಬಿ6 ಅದಕ್ಕಿಂತ ಜಾಸ್ತಿ ಬಿಗಿ. ಬಿ8 ಗಿಡ್ಡ ಸ್ಪ್ರಿಂಗ್ ಹಾಕಿ ಕಾರು ತಗ್ಗಿಸಿದವರಿಗೆ. ಕೊನೆಯವೆರಡೂ ನನಗೆ ಬೇಡ.

ಒಂದೇ ಕೊಳವೆಯ ಮೊನೋಟ್ಯೂಬೋ, ಎರಡು ಕೊಳವೆಯ ಟ್ವಿನ್ ಟ್ಯೂಬೋ? ಮೊನೋಟ್ಯೂಬಿನಲ್ಲಿ ಗ್ಯಾಸಿನ ಒತ್ತಡ 20 ಬಾರ್‌ಗಿಂತ ಮೇಲೆ, ಬಿಸಿಯಾದರೂ ನೊರೆ ಏಳಲ್ಲ. ರೇಸಿಗೆ ಒಳ್ಳೇದು. ಆದರೆ ಅದರಲ್ಲಿ ಪಿಸ್ಟನ್ ಉಜ್ಜಿಕೊಂಡು ಓಡೋದು ಹೊರಗಿನ ಕೊಳವೆಯ ಗೋಡೆಗೇ. ಒಂದು ಕಲ್ಲು ಬಡಿದು ತಗ್ಗಾದರೆ ಕಥೆ ಮುಗಿಯಿತು. ಟ್ವಿನ್ ಟ್ಯೂಬಿನಲ್ಲಿ ಒಳಗೊಂದು ಕೊಳವೆ ಬೇರೆ ಇರುತ್ತದೆ, ಹೊರಗೆ ಸ್ವಲ್ಪ ನೆಗ್ಗಿದರೂ ನಡೆಯುತ್ತದೆ. ನಮ್ಮ ರಸ್ತೆಗೆ ಅದೇ ಸರಿ.

ಆದರೆ ಮೇಸ್ತ್ರಿ ಕೇಳಿದ ಪ್ರಶ್ನೆ ಬೇರೆ. "ಸ್ಪ್ರಿಂಗ್ ಅದs ಇಟ್ಟು ಶಾಕಪ್ ಅಷ್ಟ ಮೆತ್ತಂದು ಹಾಕಿದ್ರ, ಕುಣಿಯೋ ಸ್ಪ್ರಿಂಗ ಯಾರು ಹಿಡೀಬೇಕ್ರಿ?"

ಅಲ್ವಾ! ಭಾರ ಹೊರೋದು ಸ್ಪ್ರಿಂಗ್, ಕುಣಿತ ನಿಲ್ಲಿಸೋದು ಶಾಕಪ್. ಗಡುಸು ಸ್ಪ್ರಿಂಗಿಗೆ ಸಡಿಲ ಶಾಕಪ್ ಜೋಡಿಸಿದರೆ ಹಂಪ್ ದಾಟಿದ ಮೇಲೂ ಕಾರು ಎಗರುತ್ತಲೇ ಇರುತ್ತದೆ. ಬದಲಾಯಿಸುವುದಾದರೆ ಎರಡನ್ನೂ ಬದಲಾಯಿಸಬೇಕು. ಹಾಗಾಗಿ ಸ್ಪೋರ್ಟ್ ಅಲ್ಲದ ಸಾದಾ ಎಸ್‌ಎಲ್‌ಕೆಯ ಸ್ಪ್ರಿಂಗು, ಅದಕ್ಕೆ ಹೊಂದುವ ಸಾದಾ ಟ್ವಿನ್ ಟ್ಯೂಬ್ ಶಾಕಪ್ಪು, ಹೊಸ ಬಂಪ್ ಸ್ಟಾಪು, ಮೇಲಿನ ಮೌಂಟು, ಇಷ್ಟು ತರಿಸುವುದು ಅಂತ ಆಯಿತು. ಕೋನಿ ಆಸೆ ಬಿಟ್ಟೆ. ಸ್ವಲ್ಪ ಬೇಜಾರೇ.

ತಮಾಷೆ ನೋಡಿ, ಇಲ್ಲೇ ಚಾಕಣದಲ್ಲಿ ಮರ್ಸಿಡಿಸ್ ಕಾರ್ಖಾನೆಯೂ ಇದೆ, ಶಾಕ್ ಅಬ್ಸಾರ್ಬರ್ ಮಾಡುವ ಗೇಬ್ರಿಯಲ್ಲೂ ಇದೆ. ನಮ್ಮ ಸಾಮಾನು ಮಾತ್ರ ಹೊರದೇಶದಿಂದ ಬರಬೇಕು. ಬಿಡಿಭಾಗಗಳ ಅಂಗಡಿಗಳಿರುವ ನಾನಾ ಪೇಠದಲ್ಲಿ ಇಲ್ಲದ್ದಿಲ್ಲ ಅನ್ನುತ್ತಾರೆ, ಅಲ್ಲೂ ಇಲ್ಲ ಅಂತ ತಲೆಯಾಡಿಸಿದರು. ಸ್ಪ್ರಿಂಗಿನ ರಬ್ಬರ್ ಪ್ಯಾಡೂ ಅಳತೆ ನೋಡಿಯೇ ತರಬೇಕು. ಪ್ಯಾಡಿನ ಅಂಚಿನಲ್ಲಿ ಸಣ್ಣ ಗುಬುಟುಗಳಿರುತ್ತವೆ. ಅವು ಹೆಚ್ಚಿದ್ದಷ್ಟೂ ಪ್ಯಾಡು ದಪ್ಪ, ಕಾರು ಎತ್ತರ.

ಟೈರಿಗೂ ಕೈ ಹಾಕುತ್ತಿದ್ದೇನೆ. ಮುಂದೆ ಈಗಿರೋದು 17 ಇಂಚಿನ ವೀಲಿಗೆ 225/45, ಅಂದರೆ 225 ಮಿಲಿಮೀಟರ್ ಅಗಲ, ಟೈರಿನ ಪಕ್ಕದ ಗೋಡೆ ಅದರ ಶೇಕಡ 45. ಸಾದಾ ಕಾರಿಗೆ ಬರುವ 16 ಇಂಚಿನ 205/55 ಹಾಕಿದರೆ ಗೋಡೆಯ ಎತ್ತರ 101 ಮಿಲಿಮೀಟರಿನಿಂದ 113ಕ್ಕೆ ಏರುತ್ತದೆ. ಅಷ್ಟು ರಬ್ಬರು ಪುಕ್ಕಟೆ ಕುಶನ್. ನೋಟ ಸ್ವಲ್ಪ ಕೆಡುತ್ತದೆ, ಕೆಡಲಿ.

ಸಾಮಾನು ಬರೋದು ದೀಪಾವಳಿ ಆದಮೇಲೆ. ಸಸ್ಪೆನ್ಷನ್ನಿನ ರಬ್ಬರ್ ಬುಶ್ಶಿನ ಬೋಲ್ಟುಗಳನ್ನು ಕಾರು ಜ್ಯಾಕ್ ಮೇಲಿರುವಾಗ ಬಿಗಿ ಮಾಡಬಾರದು, ಚಕ್ರ ನೆಲಕ್ಕೂರಿದ ಮೇಲೇ ಮಾಡಬೇಕು, ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಇರುತ್ತದೆ ಅಂತ ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಮೇಸ್ತ್ರಿ ಅದನ್ನೇ ಹುಡುಗನಿಗೆ ಹಿಂದಿಯಲ್ಲಿ ಗದರಿಸಿ ಹೇಳುತ್ತಿದ್ದರು, ಬೇರೆ ಯಾವುದೋ ಕಾರಿಗೆ. ಮುಂಗಡ ಕೊಟ್ಟು ಬಂದೆ.